ಭೂತಬಂಗಲೆಗೆ ಬಿಳಿ ಬಣ್ಣ

ಹೊಸ ಗೋಡೆ ಹಳೆಯದಾಗಿ ಕಾಣಿಸಲಿ ಎಂದು ಸಂಬಳ ಕೊಟ್ಟು ಆಳು ಇಡುವ ಜಾಗ ಲೋಕದಲ್ಲಿ ಅಮ್ಯೂಸ್‌ಮೆಂಟ್ ಪಾರ್ಕೊಂದೇ ಇರಬೇಕು. ಬೇರೆ ಕಡೆ ಗೋಡೆ ಬಿರುಕು ಬಿಟ್ಟರೆ ಮೇಸ್ತ್ರಿಯನ್ನು ಕರೆದು ಬೈಯುತ್ತಾರೆ. ಇಲ್ಲಿ ಬಿರುಕು ಮಾಸಿ ಹೋದರೆ ಬಿರುಕಮ್ಮನನ್ನು ಕರೆದು ಬೈಯುತ್ತಿದ್ದರು.

ಬಿರುಕಮ್ಮ ಎಂದರೆ ಆ ಪಾರ್ಕಿನ ಪೇಂಟರಮ್ಮ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅವಳ ಬದುಕಿನ ದೊಡ್ಡ ಕೆಲಸ ಎಂದರೆ ಭೂತಬಂಗಲೆಯ ಮುಂಭಾಗ. ಒಳಗೆ ಪುಟ್ಟ ರೈಲುಗಾಡಿ, ತಗಡಿನ ಅಸ್ಥಿಪಂಜರ, ಕೀರಲು ದನಿಯ ಟೇಪು, ಅಷ್ಟೇ. ಹೊರಗಿನಿಂದ ನೋಡಿದರೆ ಮಾತ್ರ ಎದೆ ನಡುಗಬೇಕು. ಆ ಮುಂಭಾಗ ನಿಜವಾಗಿ ಒಂದು ಸಪಾಟು ಸಿಮೆಂಟಿನ ಗೋಡೆ. ಅದರ ಮೇಲಿನ ಮುರಿದ ಕಿಟಕಿಗಳು, ಕಿಟಕಿಯ ಕೆಳಗಿನ ನೆರಳು, ಪಾಚಿ, ನೀರು ಸೋರಿದ ಗುರುತು, ಬಳ್ಳಿ, ಬಳ್ಳಿಗೆ ಜೋತುಬಿದ್ದ ಬಾವಲಿ ಎಲ್ಲವೂ ಬಣ್ಣ. ವರ್ಷಕ್ಕೊಮ್ಮೆ ಸಾರುವೆ ಕಟ್ಟಿಸಿ, ಮೇಲೆ ಹತ್ತಿ, ಅವಳು ಆ ಹಾಳನ್ನು ರಿಪೇರಿ ಮಾಡುತ್ತಿದ್ದಳು. ಜನ ಕೆಳಗೆ ನಿಂತು, "ಅಯ್ಯೋ ಪಾಪ, ಎಷ್ಟು ಹಳೇ ಕಟ್ಟಡ, ಯಾವಾಗ ಬೀಳುತ್ತೋ" ಎಂದರೆ ಅವಳಿಗೆ ಅವತ್ತಿನ ಊಟ ರುಚಿಸುತ್ತಿತ್ತು.

ಆ ಗೋಡೆಯ ತುದಿಯಲ್ಲಿ ಅಟ್ಟದ ಕಿಟಕಿ. ಕಿಟಕಿಯಲ್ಲಿ ಒಬ್ಬ ಮುದುಕಿ. ಹುಬ್ಬು ಗಂಟಿಕ್ಕಿದೆ, ತುಟಿ ಬಿಗಿದಿದೆ. ಇನ್ನೊಂದು ಗಳಿಗೆಗೆ ಯಾರನ್ನೋ ಬೈಯುವವಳ ಮುಖ. ಅದು ಯಾರೋ ಊಹೆಯ ದೆವ್ವವಲ್ಲ, ಸಾಕ್ಷಾತ್ ಬಿರುಕಮ್ಮನ ಅತ್ತೆ.

ಆ ಅತ್ತೆ ಸೊಸೆಯ ಕೆಲಸ ಚೆನ್ನಾಗಿದೆ ಎಂದು ಬಾಯಿತಪ್ಪಿಯೂ ಅಂದವಳಲ್ಲ. ಸೊಸೆ ಅಡುಗೆಮನೆಗೆ ಬಣ್ಣ ಹೊಡೆದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಂದು, ಗೋಡೆಗೆ ಬೆರಳು ಒತ್ತಿ, ಬೆರಳಿಗೆ ಅಂಟಿದ್ದನ್ನು ನೋಡಿ, "ಇನ್ನೂ ಒಣಗಿಲ್ಲ" ಅನ್ನುವ ಜಾತಿ. ಸೇಡು ತೀರಿಸಿಕೊಳ್ಳಲು ಕೆಲವು ಸೊಸೆಯರು ಪಾತ್ರೆ ಕುಕ್ಕುತ್ತಾರೆ, ಕೆಲವರು ತವರಿಗೆ ಹೋಗುತ್ತಾರೆ. ಬಿರುಕಮ್ಮ ಅತ್ತೆಯನ್ನು ದೆವ್ವ ಮಾಡಿ ಟಿಕೆಟ್ಟಿಟ್ಟು ಊರಿಗೆಲ್ಲ ತೋರಿಸಿದಳು. ಅವಳ ಗಂಡ ಗಾರೆ ಕೆಲಸದವನು, ಆ ಗೋಡೆಗೆ ಸಿಮೆಂಟು ಮೆತ್ತಿದವನೇ ಅವನು. ಹೆತ್ತ ತಾಯಿಯನ್ನು ಕಿಟಕಿಯಲ್ಲಿ ಕಂಡು ಹಲಗೆ ಹಿಡಿದುಕೊಂಡು ನಕ್ಕ. ಸಾಲದ್ದಕ್ಕೆ, ಕಣ್ಣಿನ ಗುಳಿ, ಹುಬ್ಬು, ಮೂಗು, ತುಟಿ ಮಾಸದೆ ಇರಲಿ ಎಂದು ಮಾಳಿಗೆಗೆ ಬಳಿಯುವ ಡಾಂಬರನ್ನು ಸೀಮೆಎಣ್ಣೆಯಲ್ಲಿ ಕಲಸಿ ಕೊಟ್ಟ.

ಪಾರ್ಕು ತೆರೆದ ದಿನ ಅತ್ತೆ ಬಂದಳು. ಗಂಡ ಹೆಂಡತಿ ಉಸಿರು ಬಿಗಿಹಿಡಿದು ಅವಳ ಹಿಂದೆ ನಿಂತರು. ಮುದುಕಿ ಕತ್ತೆತ್ತಿ ಕಿಟಕಿಯನ್ನು ತುಂಬಾ ಹೊತ್ತು ನೋಡಿದಳು.

"ಮೂಗು ಸರಿಯಾಗಿಲ್ಲ" ಎಂದಳು. ಆಮೇಲೆ, ಕೂತುಕೊಳ್ಳಲು ಬೆಂಚು ಎಲ್ಲಿದೆ ಎಂದು ಕೇಳಿದಳು.

ಅಷ್ಟೇ. ಸಾಯುವ ತನಕ ಆ ಗೋಡೆಯ ಬಗ್ಗೆ ಇನ್ನೊಂದು ಮಾತು ಆಡಲಿಲ್ಲ. ಮರುದಿನ ಬೆಳಿಗ್ಗೆ ಬಿರುಕಮ್ಮ ಹಲ್ಲು ಕಚ್ಚಿಕೊಂಡು ಸಾರುವೆ ಹತ್ತಿ ನೋಡಿದರೆ, ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ಮೂಗು ನಿಜವಾಗಿಯೂ ಎಡಕ್ಕೆ ವಾಲಿತ್ತು. ಒಳ್ಳೆಯ ಬಣ್ಣದಲ್ಲಿ ತಿದ್ದಿದಳು. ಆದರೆ ಡಾಂಬರು ಹೇಳಿದ ಹಾಗೆ ಕೇಳುವ ವಸ್ತುವಲ್ಲ. ಮೇಲೆ ಏನೇ ಬಳಿದರೂ ನಿಧಾನವಾಗಿ ಮೇಲಕ್ಕೆ ಒಸರುತ್ತದೆ. ಪ್ರತಿ ವರ್ಷ ಆ ಸೊಟ್ಟ ಮೂಗು ಹೊಸ ಮೂಗಿನೊಳಗಿನಿಂದ ಇಣುಕುತ್ತಿತ್ತು, ಪ್ರತಿ ವರ್ಷ ಅವಳು ಅದನ್ನು ನೇರ ಮಾಡುತ್ತಿದ್ದಳು. ಅತ್ತೆ ಹೋದಳು, ಗಂಡನೂ ಹೋದ, ಮೂಗಿನ ಜಗಳ ಮಾತ್ರ ಮುಗಿಯಲಿಲ್ಲ.

ಇಂಥ ಮನೆಗೆ ಅಳಿಯನಾಗಿ ಬಂದವನು ಬೆಳಕಿನ ಕೆಲಸದವನು. ಪ್ರೊಜೆಕ್ಟರಿನಿಂದ ಗೋಡೆಗಳ ಮೇಲೆ ಚಿತ್ರ ಬಿಟ್ಟು, ಇದ್ದ ಕಂಬವನ್ನು ಇಲ್ಲದ ಹಾಗೆ, ಇಲ್ಲದ ಜಲಪಾತವನ್ನು ಇದ್ದ ಹಾಗೆ ಕಾಣಿಸುವುದು ಅವನ ವಿದ್ಯೆ. ಮಗಳು ಅವನನ್ನು ಮೆಚ್ಚಿ ಮದುವೆಯಾದಳು. ಎರಡು ಕೋಣೆ, ಒಂದು ಅಡುಗೆಮನೆಯ ಆ ಮನೆಯಲ್ಲೇ ಮೂವರೂ ಇದ್ದರು. ಅವನು ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತರೆ ಬಿರುಕಮ್ಮ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಒಂದು ಉಗುರಿನಲ್ಲೂ ಬಣ್ಣವಿಲ್ಲ.

"ಅಳಿಯಂದಿರು ದಿನವಿಡೀ ದುಡಿದು ದಣಿದಿದ್ದಾರೆ. ಕೈ ತೊಳೆಯೋ ಅಗತ್ಯ ಮಾತ್ರ ಇಲ್ಲ, ಪುಣ್ಯವಂತರು" ಎನ್ನುತ್ತಿದ್ದಳು. ಮಾತಿನಲ್ಲಿ ಅವನಿಗೆ ಸದಾ ಬಹುವಚನ. ಅದು ಮರ್ಯಾದೆಗಲ್ಲ, ದೂರ ಇಡುವುದಕ್ಕೆ.

ಮಗಳಿಗೆ ಪಾರ್ಕಿನಲ್ಲಿ ಕಳೆದುಹೋದ ಮಕ್ಕಳ ಕೌಂಟರಿನಲ್ಲಿ ಕೆಲಸ. ಮೈಕಿನಲ್ಲಿ ಅವಳ ದನಿ ಕೇಳಿದರೆ ಕಳೆದುಹೋದವರಿಗೂ ತಾವು ಎಲ್ಲೋ ಇದ್ದೇವೆ ಅನ್ನುವ ಧೈರ್ಯ ಬರುತ್ತಿತ್ತು. ಮನೆಯಲ್ಲಿ ಜಗಳ ಶುರುವಾಗುವ ಸೂಚನೆ ಕಂಡರೆ ಅದೇ ದನಿ ತೆಗೆಯುತ್ತಿದ್ದಳು: "ದಯವಿಟ್ಟು ಗಮನಿಸಿ. ನೀಲಿ ಅಂಗಿ ತೊಟ್ಟ, ಹಠ ಮಾಡ್ತಿರೋ ಅಮ್ಮ ಒಬ್ಬರು ಅಡುಗೆಮನೆಯಲ್ಲಿ ಸಿಕ್ಕಿದ್ದಾರೆ. ಸಂಬಂಧಪಟ್ಟವರು ಬಂದು ಕರ್ಕೊಂಡು ಹೋಗ್ಬೇಕು." ಅಳಿಯ ನಗುತ್ತಿದ್ದ. ಬಿರುಕಮ್ಮ ನಗು ಬಂದರೂ ಪಾತ್ರೆಯ ಕಡೆ ತಿರುಗಿ ನಿಲ್ಲುತ್ತಿದ್ದಳು.

ಹೀಗಿರುವಾಗ ಪಾರ್ಕಿನ ಮ್ಯಾನೇಜರ್ ರಜೆಯಲ್ಲಿ ಎಲ್ಲಿಗೋ ಹೋಗಿ, ಅಲ್ಲಿ ಒಂದು ಕೋಟೆಯ ಮೇಲೆ ಬಣ್ಣಬಣ್ಣದ ಬೆಳಕಿನ ಆಟ ನೋಡಿ ಬಂದ. ಬಂದವನು ಮೊದಲಿನವನಾಗಿ ಉಳಿಯಲಿಲ್ಲ. ಎಲ್ಲರನ್ನೂ ಸಭೆಗೆ ಕರೆದು, "ಅಲುಗಾಡದೆ ಇರೋ ಗೋಡೆ ಮುಂದೆ ಈ ಕಾಲದ ಜನ ನಿಲ್ಲಲ್ಲ" ಎಂದ. ಅಲುಗಾಡುವ ಗೋಡೆಯ ಮುಂದೆ ಯಾವ ಕಾಲದ ಜನವೂ ನಿಂತದ್ದಿಲ್ಲ, ಓಡಿಹೋಗುತ್ತಾರೆ ಎಂದು ಬಿರುಕಮ್ಮನಿಗೆ ಅನಿಸಿತು. ಭೂತಬಂಗಲೆಯ ಮೇಲೆ ಬೆಳಕಿನ ಪ್ರದರ್ಶನ, ಅದನ್ನು ಮಾಡುವವನು ಅವಳ ಅಳಿಯ. ಪಾರ್ಕಿನ ಧಣಿ ಬಂದು ನೋಡಿ ಒಪ್ಪಿದರೆ ಅಳಿಯನ ಹಂಗಾಮಿ ಕೆಲಸ ಕಾಯಂ. ಒಪ್ಪದಿದ್ದರೆ ಅವನೂ ಅವನ ಪೆಟ್ಟಿಗೆಯೂ ಮನೆಗೆ.

ಒಂದು ಸಂಜೆ ಪರೀಕ್ಷೆ ಮಾಡಿ ನೋಡಿದರು. ಅಳಿಯ ಗೋಡೆಯ ಮೇಲೆ ಬೆಂಕಿ ಬಿಟ್ಟ. ಯಾರೋ ಚಹಾ ಎರಚಿದ ಹಾಗೆ ಕಂಡಿತು. ಚಂದ್ರನನ್ನು ಹುಟ್ಟಿಸಿದ. ಬಿರುಕಮ್ಮ ಬರೆದ ನೆರಳೆಲ್ಲ ಪಡುವಣದ ಸೂರ್ಯನಿಗೆ ಬಿದ್ದದ್ದು; ಇವನ ಚಂದ್ರ ಬಂದದ್ದು ಮೂಡಣದಿಂದ. ಕಿಟಕಿಗಳಿಗೆಲ್ಲ ಎರಡೂ ಕಡೆ ನೆರಳು ಬಿದ್ದು, ಇಡೀ ಬಂಗಲೆ ಕನ್ನಡಕ ಮರೆತು ಬಂದವರ ಕಣ್ಣಿಗೆ ಕಂಡ ಹಾಗೆ ಕಂಡಿತು.

"ಗೋಡೆ ತುಂಬಾ ಕಪ್ಪು ಅತ್ತೆ. ಬೆಳಕನ್ನೆಲ್ಲ ಕುಡಿದುಬಿಡ್ತಿದೆ" ಎಂದ ಅಳಿಯ ಮೆಲ್ಲಗೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದಳು ಬಿರುಕಮ್ಮ, ಮೆಲ್ಲಗಲ್ಲ.

ಮ್ಯಾನೇಜರಿಗೆ ಕಷ್ಟವೆಂದರೆ ಆಗದು, ಪರಿಹಾರವೆಂದರೆ ಪ್ರಾಣ. "ಹಾಗಾದ್ರೆ ಗೋಡೆ ಬೆಳ್ಳಗೆ ಮಾಡಿ" ಎಂದ. ಯಾರು ಮಾಡಬೇಕು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಬಿರುಕಮ್ಮನ ಕಡೆ ನೋಡಿ, ಆಮೇಲೆ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

"ಪಾರ್ಕು ಬೆಳಿಗ್ಗೆಯಿಂದ ತೆರೆದಿರುತ್ತೆ. ಕತ್ತಲಾಗೋದು ಮುಚ್ಚೋ ಹೊತ್ತಿಗೆ" ಎಂದಳು ಬಿರುಕಮ್ಮ. "ಅಲ್ಲಿವರೆಗೂ ದೆವ್ವ ಏನ್ ಮಾಡ್ಬೇಕು? ಬಿಳೀ ಗೋಡೆ ಹಿಂದೆ ಹಲ್ಲಿನ ಡಾಕ್ಟ್ರಾಗಿ ಕೂತಿರ್ಬೇಕಾ?"

"ಹಗಲಿನ ವಿಷಯಕ್ಕೆ ಆಮೇಲೆ ಒಂದು ಸಮಿತಿ ಮಾಡೋಣ" ಎಂದ ಮ್ಯಾನೇಜರ್.

ಅವತ್ತು ಮನೆಗೆ ಮೂವರೂ ಒಂದೇ ಬಸ್ಸಿನಲ್ಲಿ ಹೋದರು, ಮೂರು ಬೇರೆ ಬೇರೆ ಸೀಟಿನಲ್ಲಿ.

ಬಿರುಕಮ್ಮ ಕೆಳಗಿನಿಂದ ಶುರು ಮಾಡಿದಳು. ಪಾಚಿ ಹೋಯಿತು. ಎಷ್ಟೋ ವರ್ಷ ಹಳೆಯ ಸ್ಪಂಜಿನಲ್ಲಿ ಒತ್ತಿ ಒತ್ತಿ ಬೆಳೆಸಿದ ಪಾಚಿ, ರೋಲರಿನ ನಾಲ್ಕು ಎಳೆತಕ್ಕೆ ಮಾಯ. ಬಳ್ಳಿ ಹೋಯಿತು, ಬಾವಲಿ ಹೋಯಿತು. ಒಂದು ಬಿರುಕನ್ನಂತೂ ಅವಳು ಮಗಳು ಹುಟ್ಟುವ ಹಿಂದಿನ ವಾರ ಹೊಟ್ಟೆ ಹೊತ್ತುಕೊಂಡು ಬರೆದಿದ್ದಳು. ಅದರ ಮುಂದೆ ಸ್ವಲ್ಪ ಹೊತ್ತು ರೋಲರ್ ಹಿಡಿದುಕೊಂಡು ನಿಂತಳು. ಕಣ್ಣಲ್ಲಿ ನೀರು ಬಂತು. ಬಣ್ಣದ ವಾಸನೆಗೆ ಎಂದು ತನಗೆ ತಾನೇ ಹೇಳಿಕೊಂಡಳು, ಬದುಕಿಡೀ ಬಣ್ಣದ ವಾಸನೆ ಕುಡಿದ ಹೆಂಗಸು.

ಕೊನೆಗೆ ಅಟ್ಟದ ಕಿಟಕಿ. ಡಾಂಬರಿನ ಮೇಲೆ ನೇರವಾಗಿ ಬಿಳಿ ಬಳಿದರೆ ಹದಿನೈದು ದಿನದೊಳಗೆ ಒಸರಿ ಮೇಲೆ ಬರುತ್ತದೆ ಎಂದು ಅವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಮೊದಲು ಒಂದು ಕೋಟು ಬೆಳ್ಳಿ ಬಣ್ಣ ಹೊಡೆದರೆ ಅದು ಒಳಗೇ ಸಿಕ್ಕಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಹೇಗೂ ತಿದ್ದುವ ಕಪ್ಪು ಗೋಡೆಗೆ ಅದರ ಅಗತ್ಯ ಬಿದ್ದಿರಲಿಲ್ಲ. ಬಿಳಿಗೆ ಬೇಕೇ ಬೇಕು. ಬೆಳ್ಳಿ ಬಣ್ಣದ ಡಬ್ಬ ಸ್ಟೋರಿನಲ್ಲೇ ಇತ್ತು. ಅವಳು ಕೆಳಗೆ ನೋಡಿದಳು. ಅಳಿಯ ಒಂದು ಕೆಂಪು ಚುಕ್ಕಿ ಬಿಡುವ ಯಂತ್ರ ಹಿಡಿದು ಗೋಡೆ ಅಳೆಯುತ್ತಿದ್ದ. ಆ ಚುಕ್ಕಿ ಅತ್ತೆಯ ಹಣೆಯ ಮೇಲೆ ಬಂದು ಕೂತಿತು.

ಕೇಳಿದ್ದರೆ ಹೇಳುತ್ತಿದ್ದಳು. ಯಾರೂ ಕೇಳಲಿಲ್ಲ. ಧಣಿ ಬರುವ ದಿನಕ್ಕೆ ಸರಿಯಾಗಿ ಗೋಡೆಯ ನಡುನೆತ್ತಿಯಲ್ಲಿ ಕಂದು ಬಣ್ಣದ ಕೊಳಕು ಎದ್ದು ಬರುತ್ತದೆ. ಮ್ಯಾನೇಜರ್ ಚಿಟ್ಟೆ ಹಾರಿಸಿ ಎಂದಿರುವ ಕಡೆ ಮುದುಕಿ ಕಾಣುತ್ತಾಳೆ. ಈ ಬಂಗಲೆಗೆ ಬೆಳಕಿನ ಆಟ ಒಗ್ಗುವುದಿಲ್ಲ ಎಂದು ಧಣಿಯೇ ಹೇಳುತ್ತಾರೆ. ಮತ್ತೆ ಕಪ್ಪು ಬಣ್ಣ, ಮತ್ತೆ ಪಾಚಿ, ಮತ್ತೆ ಬಾವಲಿ. ಅಳಿಯನ ಕೆಲಸದ ಯೋಚನೆ ಬರಲಿಲ್ಲ ಎಂದಲ್ಲ, ಬಂತು. ಬಂದದ್ದನ್ನು ಬಕೆಟ್ಟಿನ ಪಕ್ಕಕ್ಕೆ ಸರಿಸಿ, ನೇರವಾಗಿ ಬಿಳಿ ಬಳಿದು ಕೆಳಗಿಳಿದಳು.

"ಮುಗೀತಾ ಅತ್ತೆ?"

"ಮುಗೀತು. ನಿಮ್ಮ ಸಿನಿಮಾ ಪರದೆ ತಗೊಳ್ಳಿ."

ಹಗಲಿನ ಸಮಿತಿ ಇನ್ನೂ ಆಗಿರಲಿಲ್ಲವಾದ್ದರಿಂದ ಹಗಲು ತನ್ನ ಪಾಡಿಗೆ ತಾನು ಬಂತು. ಹಸಿರು ಮರಗಳ ನಡುವೆ ಭೂತಬಂಗಲೆ ದೊಡ್ಡ ಫ್ರಿಜ್ಜಿನ ಹಾಗೆ ನಿಂತಿತ್ತು. ಮೊದಲ ದಿನವೇ ಒಬ್ಬ ತಂದೆ ಮೊಣಕಾಲು ತರಚಿದ ಮಗುವನ್ನು ಎತ್ತಿಕೊಂಡು ಅದರ ಸಾಲಿನಲ್ಲಿ ನಿಂತು, ಸರದಿ ಬಂದಾಗ ಬ್ಯಾಂಡೇಜು ಕೇಳಿದ. ಇನ್ನೊಬ್ಬಾಕೆ, ಹೆಂಗಸರ ಶೌಚಾಲಯ ಎಡಕ್ಕೋ ಬಲಕ್ಕೋ ಎಂದು ವಿಚಾರಿಸಿದಳು. ಒಳಗಿನಿಂದ ಟೇಪಿನ ಕೀರಲು ದನಿ ಕೇಳಿಬಂದಾಗ ಹೊರಗೆ ನಿಂತವರೆಲ್ಲ, ಪಾಪ, ಯಾರಿಗೋ ಹಲ್ಲು ಕೀಳುತ್ತಿದ್ದಾರೆ ಎಂದುಕೊಂಡರು. ಮ್ಯಾನೇಜರ್ ಬಾಗಿಲಿಗೆ "ಇದು ಭಯಾನಕ ಸ್ಥಳ" ಎಂದು ಬೋರ್ಡು ಹಾಕಿಸಿದ. ಅದನ್ನು ಓದಿ ಯಾರೂ ಹೆದರಿದ ವರದಿ ಬರಲಿಲ್ಲ.

ಬಿರುಕಮ್ಮ ದಿನಾ ಬೆಳಿಗ್ಗೆ ಅತ್ತ ಹೋಗಿ ಕತ್ತೆತ್ತಿ ನೋಡುತ್ತಿದ್ದಳು. ಒಂದು ವಾರ ಏನೂ ಇಲ್ಲ. ಆಮೇಲೆ ಬಿಳಿಯೊಳಗೆ ಎರಡು ತೆಳು ಮಬ್ಬು, ಹಾಲಿಗೆ ಎರಡು ತೊಟ್ಟು ಕಷಾಯ ಬಿದ್ದ ಹಾಗೆ. ಕಣ್ಣು. ಎರಡು ದಿನಕ್ಕೆ ಹುಬ್ಬು ಬಂತು. ಆಮೇಲೆ ತುಟಿಯ ಗೆರೆ. ಗೊತ್ತಿಲ್ಲದವರಿಗೆ ಗೋಡೆ ಸ್ವಲ್ಪ ಕೊಳೆಯಾದ ಹಾಗೆ ಕಾಣುತ್ತಿತ್ತು, ಅಷ್ಟೇ. ಗೊತ್ತಿದ್ದವಳಿಗೆ ಅತ್ತೆ ಬರುತ್ತಿದ್ದಳು. ಮದುವೆಯಾದ ಮೇಲೆ ಮೊದಲ ಸಲ ಅತ್ತೆ ಬರುವುದನ್ನು ಅವಳು ಖುಷಿಯಿಂದ ಕಾದಳು.

ಧಣಿ ಬರುವ ದಿನ ಮಧ್ಯಾಹ್ನ ಅವಳು ಮಗಳ ಕೌಂಟರಿನಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಅವತ್ತು ಕಳೆದುಹೋದ ಮಕ್ಕಳು ಯಾರೂ ಇರಲಿಲ್ಲ. ಮಗಳು ಅನ್ನ ಕಲಸುತ್ತಾ ಕೂತಿದ್ದಳೇ ಹೊರತು ತಿನ್ನುತ್ತಿರಲಿಲ್ಲ.

"ಅಮ್ಮ, ಹೇಳ್ಬಾರ್ದು ಅಂದಿದ್ದಾರೆ. ಆದ್ರೂ ಹೇಳ್ತೀನಿ. ಇವತ್ತು ಆಟ ಕೊನೇವರೆಗೂ ನೋಡು, ಮಧ್ಯದಲ್ಲಿ ಎದ್ದು ಹೋಗ್ಬೇಡ."

"ಯಾಕೆ? ಕೊನೇಲಿ ಬಂಗಲೆ ಹಾರಿಹೋಗುತ್ತಾ?"

"ಕೊನೇಲಿ ನೀನು ಬರ್ತೀಯ."

ಬಿರುಕಮ್ಮನ ಕೈ ಬಾಯಿಯ ಹತ್ತಿರ ನಿಂತಿತು.

"ಅಟ್ಟದ ಕಿಟಕೀಲಿ ನಿನ್ನ ಮುಖ ಇತ್ತಲ್ಲ, ಅದನ್ನ ಅಳಿಸಿಹಾಕ್ಬೇಕಾಯ್ತಲ್ಲ ಅಂತ ಅವರಿಗೆ ನಿದ್ದೆ ಇಲ್ಲ. ಕೊನೇಗಾದ್ರೂ ಅತ್ತೇನ ಅದೇ ಜಾಗದಲ್ಲಿ ಕೂರಿಸ್ತೀನಿ ಅಂತ, ನೀನು ಹೇಗೆ ನೋಡ್ತೀಯ, ಕೈಲಿ ಬಣ್ಣ ಇದ್ದಾಗ ಮಣಿಕಟ್ಟಲ್ಲಿ ಹೇಗೆ ಕೂದಲು ಹಿಂದಕ್ಕೆ ತಳ್ಕೋತೀಯ, ಎಲ್ಲ ಕದ್ದು ನೋಡಿ ನೋಡಿ ಮಾಡಿದ್ದಾರೆ."

"ನನ್ನ ಮುಖಾನಾ? ಅದು ನಿನ್ನ ಅಜ್ಜಿ ಕಣೇ!"

"ಅಜ್ಜಿನಾ?" ಮಗಳು ನಕ್ಕಳು. ತಾಯಿಯ ಮುಖ ನೋಡಿ ನಗು ನಿಂತಿತು. "ನಾನು ಚಿಕ್ಕವಳಿದ್ದಾಗಿಂದ್ಲೂ ಅದು ನೀನೇ ಅಂದ್ಕೊಂಡಿದ್ದೆ. ಅಜ್ಜಿ ನನ್ನ ಎತ್ಕೊಂಡೇ ಇರ್ತಿದ್ಲು, ಅಜ್ಜಿ ಮುಖ ಹಾಗಿರ್ಲಿಲ್ಲ. ಹಾಗೆ ನೋಡೋದು ನೀನು, ಅಮ್ಮ. ಈಗ ನೋಡ್ತಿದ್ದೀಯಲ್ಲ, ಹಾಗೇ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಿರಿಯರು ಹೇಳಿದ್ದಾರೆ. ಎರಡು ಕಾಲಕ್ಕೂ ಒಂದೇ ಮುಖ ಸಾಕಾಗುತ್ತದೆ ಎಂದು ಅವರು ಹೇಳಿರಲಿಲ್ಲ. ಬಿರುಕಮ್ಮ ಡಬ್ಬಿಯ ಮುಚ್ಚಳ ಹಾಕಿದಳು. ಮೊದಲು ಬಂದದ್ದು ಸಿಟ್ಟು: ಅಂದರೆ ಇಷ್ಟು ವರ್ಷ ಇಡೀ ಪಾರ್ಕು ದೆವ್ವ ಎಂದು ನನ್ನನ್ನು ನೋಡುತ್ತಿತ್ತೇ? ಸಿಟ್ಟಿನ ಹಿಂದೆಯೇ ಬಂದದ್ದು ಗಾಬರಿ. ಕೂರಿಸಿದ್ದಾನಂತೆ, ಅದೇ ಜಾಗದಲ್ಲಿ. ಅದೇ ಜಾಗದಲ್ಲಿ ಅವಳೇ ಬೇಕೆಂದು ಬಿಟ್ಟ ಡಾಂಬರು ಎದ್ದು ಕೂತಿದೆ. ಆ ಹುಡುಗ ಅವಳಿಗೋಸ್ಕರ ಮಾಡಿದ ಚಿತ್ರದ ಮುಖಕ್ಕೆ ಅವಳೇ ಮಸಿ ಬಳಿದಿದ್ದಾಳೆ. ಕೆಲಸ ಹೋದರೆ ಅವನದು ಒಂದೇ ಹೋಗುವುದಿಲ್ಲ, ಮಗಳ ನೆಮ್ಮದಿಯೂ ಹೋಗುತ್ತದೆ.

ಸ್ಟೋರಿಗೆ ಓಡಿದಳು. ಬೆಳ್ಳಿ ಬಣ್ಣದ ಡಬ್ಬ, ಬ್ರಷ್ಷು ಹಿಡಿದುಕೊಂಡು ಬಂಗಲೆಯ ಮುಂದೆ ಬಂದರೆ ಸಾರುವೆ ಬಿಚ್ಚಿ ಆಗಿತ್ತು. ಉದ್ದ ಏಣಿಯನ್ನು ಮ್ಯಾನೇಜರ್ ಆಫೀಸಿನ ಮಾಡಿಗೆ ತೋರಣ ಕಟ್ಟಲು ಒಯ್ದಿದ್ದ. ಅದನ್ನು ಬಿಡಿಸಿ, ಹೊತ್ತು ತರುವಷ್ಟರಲ್ಲಿ ಬಿಸಿಲು ಇಳಿದು, ಗೋಡೆಯ ಮುಂದೆ ಕುರ್ಚಿಗಳು ಬಂದವು, ಕುರ್ಚಿಗಳ ಮೇಲೆ ಜನ ಬಂದರು, ಮುಂದಿನ ಸಾಲಿಗೆ ಧಣಿಯೂ ಬಂದರು. ಧಣಿಯ ಮುಂದೆ ಏಣಿ ಹಾಕಲು ಹೋದವಳನ್ನು ಮ್ಯಾನೇಜರ್ ತಡೆದ. "ಬಿರುಕಮ್ಮ, ಈಗೇನು? ಗೋಡೆ ಚೆನ್ನಾಗೇ ಇದೆ!" ಎಂದು ಹಲ್ಲು ಕಿರಿದು ಪಿಸುಗುಟ್ಟಿದ. ಅವನು ಗೋಡೆಯ ಕಡೆ ನೋಡಿಯೇ ಇರಲಿಲ್ಲ.

ಉಳಿದದ್ದು ಒಂದೇ ದಾರಿ. ಐಸ್‌ಕ್ರೀಂ ಅಂಗಡಿಯ ಮೇಲೆ ಅಳಿಯನ ತಗಡಿನ ಕ್ಯಾಬಿನ್ ಇತ್ತು. ಮೆಟ್ಟಿಲು ಹತ್ತಿ ಹೋದಳು. ಒಳಗೆ ಯಂತ್ರದ ಬಿಸಿ, ಅಳಿಯನ ಅಂಗಿ ಬೆನ್ನಿಗೆ ಅಂಟಿತ್ತು. ಅವಳ ಕೈಯಲ್ಲಿ ಬೆಳ್ಳಿ ಬಣ್ಣದ ಡಬ್ಬ ಹಾಗೇ ಇತ್ತು.

"ಗೋಡೆ ಮೇಲೆ ಡಾಂಬರು ಎದ್ದಿದೆ" ಎಂದಳು.

"ಗೊತ್ತು ಅತ್ತೆ."

"ಅದು ಏಳುತ್ತೆ ಅಂತ ನಂಗೆ ಮೊದಲೇ ಗೊತ್ತಿತ್ತು. ಬೇಕಂತ್ಲೇ ಬಿಟ್ಟೆ. ನಿಮ್ಮ ಆಟ ಕೆಡ್ಲಿ ಅಂತ."

ಅಳಿಯ ಅವಳ ಕೈಯ ಡಬ್ಬ ನೋಡಿದ.

"ಅದೂ ಗೊತ್ತು. ಕಲೆ ಯಾಕೆ ಎದ್ದಿದೆ ಅಂತ ವಿಚಾರಿಸಿ ಸ್ಟೋರಲ್ಲಿ ನೋಡಿದ್ರೆ, ಇದರ ಮುಚ್ಚಳಾನೇ ತೆಗೆದಿರ್ಲಿಲ್ಲ. ಮೊದಲ ದಿನ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಮನೇಲಿ ನಿಮ್ಮ ಹತ್ರ ಮಾತಾಡೋಕೂ ಮನಸ್ಸಾಗ್ಲಿಲ್ಲ. ನೀವು ಗಮನಿಸ್ಲಿಲ್ಲ, ಯಾಕಂದ್ರೆ ನೀವು ನನ್ನ ಹತ್ರ ಮಾತಾಡಲ್ವಲ್ಲ." ಅವನು ಬೆವರು ಒರೆಸಿಕೊಂಡ. "ಆಮೇಲೆ ನೋಡಿದ್ರೆ, ಮುಖ ಎಲ್ಲಿ ಕೂರಿಸ್ಬೇಕು ಅನ್ನೋದೇ ನಂಗೆ ಹೊಳೆದಿರ್ಲಿಲ್ಲ. ಸಪಾಟು ಬಿಳೀ ಗೋಡೇಲಿ ಎಲ್ಲಿಟ್ರೂ ತೇಲ್ತಿತ್ತು. ನಿಮ್ಮ ಡಾಂಬರು ಬಂದ್ಮೇಲೆ ಕಣ್ಣಿಗೆ ಕಣ್ಣು ಇಟ್ಟೆ, ಮೂಗಿಗೆ ಮೂಗು ಇಟ್ಟೆ. ಕೂತ್ಕೊಳ್ತು."

ಬೈಸಿಕೊಳ್ಳಲು ಸಿದ್ಧಳಾಗಿ ಬಂದವಳಿಗೆ ಬೈಯುವವರು ಸಿಗದಿದ್ದರೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಬಿರುಕಮ್ಮ ಡಬ್ಬವನ್ನು ಮೂಲೆಗಿಟ್ಟು, ಅಲ್ಲಿದ್ದ ಮಗುಚಿದ ಬಕೆಟ್ಟಿನ ಮೇಲೆ ಕೂತಳು. ಕಿಟಕಿಯಿಂದ ಗೋಡೆ ನೇರವಾಗಿ ಕಾಣುತ್ತಿತ್ತು.

ಕತ್ತಲಾಯಿತು, ಆಟ ಶುರುವಾಯಿತು. ಮೊದಲಿಗೆ ಪಾರ್ಕಿನ ಲಾಂಛನ ತಿರುಗುತ್ತಾ ಬಂತು. ಆಮೇಲೆ ಮಿಂಚು ಬಂತು, ಮಿಂಚಿನಲ್ಲಿ ಮತ್ತೆ ಲಾಂಛನ. ಬಾವಲಿಗಳು ಹಾರಿದವು, ಬಿರುಕಮ್ಮನ ಬಾವಲಿ ಒಂದೇ ಆದರೂ ಹಾರದೆ ಹೆದರಿಸುತ್ತಿತ್ತು, ಇವು ಹಿಂಡುಗಟ್ಟಲೆ ಹಾರಿದರೂ ಯಾರೂ ತಲೆ ಬಗ್ಗಿಸಲಿಲ್ಲ. ಬಂಗಲೆ ಉರಿಯಿತು, ಕುಸಿಯಿತು, ಮತ್ತೆ ಎದ್ದು ನಿಂತಿತು. ಮ್ಯಾನೇಜರ್ ಹಟ ಹಿಡಿದು ಸೇರಿಸಿದ್ದ ಚಿಟ್ಟೆಗಳು ಬಂದವು. ಭೂತಬಂಗಲೆಗೆ ಚಿಟ್ಟೆ ಯಾಕೆ ಎಂದು ಕೇಳಿದವರಿಗೆ ಅವನು, "ಕುಟುಂಬದವರಿಗೋಸ್ಕರ" ಎಂದಿದ್ದನಂತೆ. ಕುಟುಂಬದವರು ಆ ಹೊತ್ತಿಗೆ ಫೋನು ನೋಡುತ್ತಿದ್ದರು. ಧಣಿ ಆಕಳಿಸಿದರು. ಮೇಲಿನಿಂದ ನೋಡುತ್ತಿದ್ದ ಬಿರುಕಮ್ಮನಿಗೆ ಆ ಆಕಳಿಕೆ ಹಿತವಾಗಬೇಕಿತ್ತು. ಆಗಲಿಲ್ಲ. ಅಳಿಯನ ಬೆನ್ನು ನೋಡಿದಳು.

"ಈಗ" ಎಂದ ಅವನು.

ಎಲ್ಲ ಬೆಳಕೂ ಆರಿತು. ಅಟ್ಟದಲ್ಲಿ ಒಂದೇ ಒಂದು ಕಿಟಕಿ ಹಳದಿಯಾಗಿ ಬೆಳಗಿತು. ಕಿಟಕಿಯಲ್ಲಿ ಒಬ್ಬ ಮುದುಕಿ. ಅಲುಗಾಡಲಿಲ್ಲ. ಜನ ಫೋನಿನಿಂದ ತಲೆ ಎತ್ತುವ ತನಕ ಕಾದಳು. ಆಮೇಲೆ ಕಣ್ಣು ಮಾತ್ರ ತಿರುಗಿಸಿ, ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ, ಕೆಲಸ ಕೆಡಿಸಿದವರು ಯಾರು ಎಂದು ಹುಡುಕುವ ಹಾಗೆ ಒಬ್ಬೊಬ್ಬರನ್ನೂ ನೋಡಿದಳು. ಮಣಿಕಟ್ಟಿನಿಂದ ಹಣೆಯ ಕೂದಲನ್ನು ಹಿಂದಕ್ಕೆ ತಳ್ಳಿಕೊಂಡಳು. ಬಕೆಟ್ಟಿನ ಮೇಲೆ ಕೂತಿದ್ದವಳ ಮಣಿಕಟ್ಟೂ ತನಗೆ ಗೊತ್ತಿಲ್ಲದೆ ಹಣೆಗೆ ಹೋಗಿತ್ತು, ಅರ್ಧಕ್ಕೆ ಇಳಿಸಿದಳು. ಮುದುಕಿ ಕೈ ಚಾಚಿ ದೀಪ ಆರಿಸಿದಳು. ಕತ್ತಲು. ಆಟ ಮುಗಿಯಿತು ಎಂದು ಜನ ಚಪ್ಪಾಳೆಗೆ ಕೈ ಎತ್ತಿದರು. ಬಯಲಿನ ದೀಪಗಳು ಒಂದೊಂದಾಗಿ ಹತ್ತಿದವು.

ಮುದುಕಿ ಹೋಗಿರಲಿಲ್ಲ. ಪ್ರೊಜೆಕ್ಟರ್ ಆರಿತ್ತು. ಬೋಳು ಬಿಳಿ ಗೋಡೆಯ ಮೇಲೆ, ಕಂದು ಬಣ್ಣದಲ್ಲಿ, ಅದೇ ಕಣ್ಣು, ಅದೇ ತುಟಿ, ಅದೇ ಜಾಗದಲ್ಲಿ ನೋಡುತ್ತಾ ಇದ್ದಳು.

ಎತ್ತಿದ ಕೈಗಳು ಎತ್ತಿದ ಹಾಗೇ ಉಳಿದವು. ಒಂದು ಮಗು ಕಿರುಚಿತು. ಅದರ ಹಿಂದೆ ಅದರ ಅಪ್ಪ ಕಿರುಚಿದ. ಧಣಿ ಕುರ್ಚಿಯಿಂದ ಎದ್ದು, ಎದ್ದದ್ದು ಯಾಕೆ ಎಂದು ತಿಳಿಯದೆ ಮತ್ತೆ ಕೂತರು. ಆಮೇಲೆ ಬಂತು ಚಪ್ಪಾಳೆ, ತಗಡಿನ ಕ್ಯಾಬಿನ್ ಅದುರುವ ಹಾಗೆ.

ಕೆಳಗೆ ಇಳಿಯುವಷ್ಟರಲ್ಲಿ ಮ್ಯಾನೇಜರ್ ಧಣಿಗೆ, "ಇದೆಲ್ಲ ನಮ್ಮ ಮೂಲ ಯೋಜನೇಲೇ ಇತ್ತು ಸಾರ್" ಎಂದು ವಿವರಿಸುತ್ತಿದ್ದ. ಧಣಿ ಗೋಡೆಯ ಕಡೆಯಿಂದ ಕಣ್ಣು ತೆಗೆದಿರಲಿಲ್ಲ.

"ಬೆಳಕು ಇರೋವರೆಗೂ ನಿದ್ದೆ ಬರ್ತಿತ್ತು ಕಣ್ರೀ. ಬೆಳಕು ಹೋದ್ಮೇಲೆ ಉಳೀತಲ್ಲ, ಅದು ಚೆನ್ನಾಗಿತ್ತು" ಎಂದರು. "ಮೊದಲು ಈ ಬಂಗಲೇನ ಮತ್ತೆ ಹಾಳು ಮಾಡಿ, ಹಗಲಲ್ಲಿ ನೋಡೋಕಾಗ್ತಿಲ್ಲ. ಆ ಕಿಟಕಿ ಒಂದು ಹೀಗೇ ಬೆಳ್ಳಗಿರ್ಲಿ. ಚಿಟ್ಟೆ ಬೇಡ. ಆ ಹುಡುಗನ್ನ ಕಾಯಂ ಮಾಡ್ಕೊಳ್ಳಿ."

"ನಾನೂ ಅದನ್ನೇ ಹೇಳ್ತಿದ್ದೆ ಸಾರ್" ಎಂದ ಮ್ಯಾನೇಜರ್. ಅಳಿಯ ಅಲ್ಲ, ಮಗಳ ಗಂಡ ಅನ್ನುವವರಿಗೆ ಮಾತಿನ ಬರವೇ?

ಜನ ಕರಗಿದರು. ಮಗಳು ಕೌಂಟರಿನಿಂದ ಓಡಿ ಬಂದು ಗಂಡನ ತೋಳು ಹಿಡಿದುಕೊಂಡಳು. ಅವನು ಎಲ್ಲರ ಹೊಗಳಿಕೆಗೂ ತಲೆಯಾಡಿಸುತ್ತಾ, ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದೆ, ಬಿರುಕಮ್ಮನ ಕಡೆಗೇ ಬಂದ. ಮುಂದೆ ನಿಂತು, ಪರೀಕ್ಷೆ ಬರೆದು ಬಂದ ಮಗುವಿನ ಹಾಗೆ ಕೇಳಿದ:

"ಹೇಗಿತ್ತು ಅ‌ತ್ತೆ?"

ಬಿರುಕಮ್ಮ ಕತ್ತೆತ್ತಿ ನೋಡಿದಳು. ಚೆನ್ನಾಗಿತ್ತು. ನನ್ನ ಗೋಡೆಯನ್ನು ನನಗೆ ಉಳಿಸಿಕೊಟ್ಟೆ ಎನ್ನಬೇಕು, ನಾನು ಮಾಡಿದ ಹೊಲಸಿನ ಮೇಲೆ ನನ್ನ ಮುಖ ಇಟ್ಟು ಕಾಪಾಡಿದೆ ಎನ್ನಬೇಕು, ತಪ್ಪಾಯಿತು ಎನ್ನಬೇಕು. ಹೇಳಬೇಕಾದದ್ದೆಲ್ಲ ಎದೆಯಲ್ಲಿ ಒಟ್ಟಿಗೇ ಎದ್ದು ಬಾಗಿಲಲ್ಲಿ ಸಿಕ್ಕಿಕೊಂಡಿತು. ಕಣ್ಣು ಮಾತ್ರ ತನ್ನ ಕೆಲಸ ಬಿಡಲಿಲ್ಲ. ವರ್ಷ ವರ್ಷ ತಾನು ತಿದ್ದಿದ ನೇರ ಮೂಗು ಬರೀ ಬಣ್ಣದ್ದು. ಬಿಳಿಯ ಅಡಿಯಲ್ಲೇ ಉಳಿದುಹೋಗಿದೆ. ಒಸರಿ ಮೇಲೆ ಬಂದದ್ದು ಡಾಂಬರಿನ ಮೊದಲ ಮೂಗು, ಎಡಕ್ಕೆ ವಾಲಿದ್ದು. ಹುಡುಗ ಪಾಪ ಅದರ ಮೇಲೆಯೇ ತನ್ನದನ್ನೂ ಕೂರಿಸಿದ್ದಾನೆ.

"ಮೂಗು ಸರಿಯಾಗಿಲ್ಲ" ಎಂದಳು.

ಅಂದದ್ದು ತನ್ನ ಕಿವಿಗೆ ಬಿದ್ದ ಕೂಡಲೇ ಅವಳಿಗೆ ಎಲ್ಲಾದರೂ ಕೂತುಕೊಳ್ಳಬೇಕು ಅನಿಸಿತು. ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದೇ ಜಾಗ, ಇದೇ ಗೋಡೆ. ಅವತ್ತು ಹಿಂದೆ ನಿಂತಿದ್ದವಳಿಗೆ ಮುದುಕಿಯ ಬೆನ್ನು ಕಂಡಿತ್ತು, ಮುಖ ಕಂಡಿರಲಿಲ್ಲ. ಮಾತು ಆಡಿ ಆ ಮುದುಕಿ ಬೆಂಚು ಕೇಳಿದ್ದು ಯಾಕೆ ಎಂದು ಇಷ್ಟು ವರ್ಷ ಯೋಚಿಸಿರಲಿಲ್ಲ. ಅವಳಿಗೂ ಬೇರೆ ಏನೋ ಹೇಳುವುದಿತ್ತು. ಬಾಯಿಗೆ ಬಂದದ್ದು ಮೂಗು.

ಬಿರುಕಮ್ಮ ಸುತ್ತ ನೋಡಿದಳು. ಹತ್ತಿರದ ಕುರ್ಚಿಯನ್ನು ಮಗಳು ಎಳೆದು ಕೊಟ್ಟಳು.

ಅಳಿಯ ಗೋಡೆಯನ್ನು ನೋಡುತ್ತಿದ್ದ. ಕತ್ತು ಈ ಕಡೆ ಓರೆ ಮಾಡಿದ, ಆ ಕಡೆ ಓರೆ ಮಾಡಿದ. ಆಮೇಲೆ ಅವನಿಗೆ ನಗು ಬಂತು.

"ಹೌದಲ್ಲ ಅತ್ತೆ. ಎಡಕ್ಕೆ ವಾಲಿದೆ."

"ನಾಳೆ ಬೆಳಿಗ್ಗೆ ಬೇಗ ಬಾ" ಎಂದಳು ಬಿರುಕಮ್ಮ. ಬಹುವಚನ ಎಲ್ಲಿ ಬಿದ್ದುಹೋಯಿತೋ ಅವಳಿಗೂ ತಿಳಿಯಲಿಲ್ಲ. "ನಾನು ಏಣಿ ಹತ್ತಿ ಡಾಂಬರಿಂದು ತಿದ್ತೀನಿ. ನೀನು ಕೆಳಗೆ ಹಿಡ್ಕೊ. ಆಮೇಲೆ ನಿನ್ನದು ತಿದ್ದುವಂತೆ." ಬೆನ್ನು ತಿರುಗಿಸಿ ಹೊರಟಿದ್ದ ಅವನನ್ನು ಮತ್ತೆ ಕರೆದಳು. "ಉಳಿದಿದ್ದೆಲ್ಲ ಚೆನ್ನಾಗಿತ್ತು."